ಎಕ್ಸ್‌ಆರ್‌ಸಿ ಸೆಷನ್‌ಗೆ ಎರರ್‌ಲೆವೆಲ್ ಹೊಂದಿಸಿದ್ದು: ಪ್ರಗತಿ ಟಿಪ್ಪಣಿ

ನಮ್ಮ ಪರೀಕ್ಷಾ ಮೇನ್‌ಫ್ರೇಮ್‌ನಲ್ಲಿ ಎಕ್ಸ್‌ಆರ್‌ಸಿ (ಡಿಸ್ಕ್‌ಗೆ ಬರೆದದ್ದನ್ನು ದೂರದ ಕೇಂದ್ರಕ್ಕೆ ನಕಲಿಸುವ ಐಬಿಎಂ ವ್ಯವಸ್ಥೆ) ಸೆಷನ್‌ಗೆ ವಾಲ್ಯೂಮ್ ಜೋಡಿಗಳನ್ನು, ಅಂದರೆ ಮೂಲ ಡಿಸ್ಕ್ (ಪ್ರೈಮರಿ) ಮತ್ತು ದೂರದಲ್ಲಿರುವ ಅದರ ಪ್ರತಿಯನ್ನು (ಸೆಕೆಂಡರಿ), ಸೇರಿಸುವ ಕೆಲಸ ಮುಗಿದು, ಈಗ ದೋಷ ನಿರ್ವಹಣೆಯ ಹಂತಕ್ಕೆ ಬಂದಿದ್ದೇವೆ. ಒಂದು ಜೋಡಿ ಕೆಟ್ಟಾಗ ಅದೊಂದರ ನಕಲಿಕೆ ನಿಲ್ಲಬೇಕೋ, ಉಳಿದವೂ ಜೊತೆಗೆ ನಿಲ್ಲಬೇಕೋ ಎಂಬುದನ್ನು ಎರರ್‌ಲೆವೆಲ್ ನಿರ್ಧರಿಸುತ್ತದೆ. ಇದನ್ನು ಸೆಷನ್ ಆರಂಭಿಸುವ ಎಕ್ಸ್‌ಸ್ಟಾರ್ಟ್ ಆದೇಶದಲ್ಲಿ ಇಡೀ ಸೆಷನ್‌ಗೂ, ಜೋಡಿ ಸೇರಿಸುವ ಎಕ್ಸ್‌ಆಡ್‌ಪೇರ್‌ನಲ್ಲಿ ಆಯಾ ಜೋಡಿಗೂ ಕೊಡಬಹುದು. 'ವಾಲ್ಯೂಮ್' ಎಂದು ಕೊಟ್ಟರೆ ಕೆಟ್ಟ ಜೋಡಿ ಮಾತ್ರ, 'ಸೆಷನ್' ಎಂದು ಕೊಟ್ಟರೆ ಆ ಮಟ್ಟದ ಜೋಡಿಗಳೆಲ್ಲ, ಗುಂಪಿನ ಹೆಸರು ಕೊಟ್ಟರೆ ಆ ಗುಂಪಿನ ಜೋಡಿಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ.

ಪ್ರತಿಕೃತಿ ಆದಷ್ಟು ಮುಂದುವರಿಯಲಿ ಎಂದು ಎಲ್ಲಕ್ಕೂ 'ವಾಲ್ಯೂಮ್' ಮಟ್ಟ ಕೊಡೋಣವೆಂಬ ಸಲಹೆ ತಂಡದಲ್ಲಿ ಬಂದಿತ್ತು. ನಾನು ಅದನ್ನು ಒಪ್ಪಲಿಲ್ಲ. ನಮ್ಮ ಡೇಟಾಬೇಸ್ ತಂತ್ರಾಂಶವಾದ ಡಿಬಿ2 ಮೊದಲು ಲಾಗ್ (ಬದಲಾವಣೆಗಳ ದಾಖಲೆ) ಬರೆದು, ಆಮೇಲಷ್ಟೇ ಟೇಬಲ್‌ನ ಪುಟಗಳನ್ನು ಡಿಸ್ಕ್‌ಗೆ ಬರೆಯುತ್ತದೆ. ಲಾಗ್ ಇರುವ ಜೋಡಿ ಮಾತ್ರ ನಿಂತು ಟೇಬಲ್ ಇರುವ ಜೋಡಿ ಓಡುತ್ತಲೇ ಇದ್ದರೆ, ದೂರದ ಕೇಂದ್ರದಲ್ಲಿ ಟೇಬಲ್ ಬದಲಾಗಿರುತ್ತದೆ, ಆದರೆ ಆ ಬದಲಾವಣೆಯನ್ನು ಹಿಂತೆಗೆಯಲು ಬೇಕಾದ ಲಾಗ್ ದಾಖಲೆ ಅಲ್ಲಿ ಇರುವುದಿಲ್ಲ. ಎಕ್ಸ್‌ಆರ್‌ಸಿಯ ನಕಲಿಸುವ ಭಾಗವಾದ ಡೇಟಾ ಮೂವರ್ ಸಮಯಮುದ್ರೆಯ ಪ್ರಕಾರ ಬರಹಗಳನ್ನು ಜೋಡಿಸಿ ಕಾಪಾಡಿದ ಕ್ರಮವೆಲ್ಲ ಅಲ್ಲಿಗೆ ವ್ಯರ್ಥ. ಆದ್ದರಿಂದ ಡೇಟಾಬೇಸ್, ಲಾಗ್ ಮತ್ತು ಕ್ಯಾಟಲಾಗ್ (ಯಾವ ಡೇಟಾಸೆಟ್, ಅಂದರೆ ಕಡತ, ಎಲ್ಲಿದೆ ಎಂಬ ಸೂಚಿ) ಇರುವ ಜೋಡಿಗಳಿಗೆಲ್ಲ 'ಸೆಷನ್' ಮಟ್ಟ ಕೊಟ್ಟಿದ್ದೇವೆ. ಪೇಜ್ ಡೇಟಾಸೆಟ್ (ಮೆಮೊರಿಯ ಪುಟಗಳನ್ನು ತಾತ್ಕಾಲಿಕವಾಗಿ ಇಡುವ ಕಡತ) ಮತ್ತು ಸಾರ್ಟ್‌ನ ತಾತ್ಕಾಲಿಕ ವಾಲ್ಯೂಮ್‌ಗಳಿಗೆ ಮಾತ್ರ 'ವಾಲ್ಯೂಮ್' ಮಟ್ಟ ಸಾಕು.

ಪರೀಕ್ಷೆಗಾಗಿ ಲಾಗ್ ವಾಲ್ಯೂಮಿನ ಸೆಕೆಂಡರಿಗೆ ಬರೆಯಲು ಆಗದಂತೆ ಮಾಡಿದೆವು. ಜೋಡಿಗಳ ಸ್ಥಿತಿ ತೋರಿಸುವ ಎಕ್ಸ್‌ಕ್ವೆರಿ ವರದಿಯಲ್ಲಿ 'ಸೆಷನ್' ಮಟ್ಟದ ಜೋಡಿಗಳೆಲ್ಲ ನಿಂತಿದ್ದವು, ತಾತ್ಕಾಲಿಕ ವಾಲ್ಯೂಮ್‌ಗಳು ಎಂದಿನಂತೆ ನಡೆಯುತ್ತಿದ್ದವು. ಪ್ರೈಮರಿಯಲ್ಲಿ ಕೆಲಸಗಳಿಗೆ ಏನೂ ತೊಂದರೆಯಾಗಲಿಲ್ಲ. ಬದಲಾದ ಟ್ರ್ಯಾಕ್‌ಗಳನ್ನು (ಡಿಸ್ಕ್‌ನ ಭಾಗಗಳನ್ನು) ಸ್ಟೋರೇಜ್ ಕಂಟ್ರೋಲರ್ ಗುರುತಿಟ್ಟುಕೊಳ್ಳುತ್ತಿತ್ತು.

ಹೆಚ್ಚು ಎಚ್ಚರ ಬೇಕಾಗಿರುವುದು ಮರುಹೊಂದಾಣಿಕೆಯಲ್ಲಿ. ನಿಂತ ಜೋಡಿಗಳನ್ನು ಎಕ್ಸ್‌ಆಡ್‌ಪೇರ್ ಮೂಲಕ ಮತ್ತೆ ಸೇರಿಸಿದಾಗ ಬದಲಾದ ಟ್ರ್ಯಾಕ್‌ಗಳು ಮಾತ್ರ ಹೋಗುತ್ತವಾದರೂ, ಅವು ಬರೆದ ಕ್ರಮದಲ್ಲಿ ಹೋಗುವುದಿಲ್ಲ. ಎಲ್ಲ ಜೋಡಿಗಳೂ ಡ್ಯೂಪ್ಲೆಕ್ಸ್ (ಪೂರ್ತಿ ಹೊಂದಿಕೊಂಡ) ಸ್ಥಿತಿಗೆ ಬರುವವರೆಗೆ ಸೆಕೆಂಡರಿಯಲ್ಲಿರುವುದು ಬಳಸಲಾಗದ ಮಿಶ್ರಣ. ಆ ಅವಧಿಯಲ್ಲೇ ಪ್ರೈಮರಿ ಕೇಂದ್ರ ಹೋದರೆ ಉಳಿಯುವುದೇನೂ ಇಲ್ಲ. ಹಾಗಾಗಿ ಮೊದಲು ಸೆಕೆಂಡರಿಗಳ ಜೊತೆಗೆ ಎಕ್ಸ್‌ಆರ್‌ಸಿ ತನ್ನ ಕೆಲಸಕ್ಕೆ ಬಳಸುವ ಜರ್ನಲ್, ಕಂಟ್ರೋಲ್ ಮತ್ತು ಸ್ಟೇಟ್ ಡೇಟಾಸೆಟ್‌ಗಳಿರುವ ವಾಲ್ಯೂಮ್‌ಗಳ ಫ್ಲ್ಯಾಶ್‌ಕಾಪಿಯನ್ನೂ (ಆ ಕ್ಷಣದ ಪ್ರತಿ) ತೆಗೆದು, ನಂತರವೇ ಎಕ್ಸ್‌ಆಡ್‌ಪೇರ್ ಆದೇಶ ಕೊಡಬೇಕೆಂದು ಕಾರ್ಯವಿಧಾನದಲ್ಲಿ ಬರೆದಿದ್ದೇವೆ. ಜೋಡಿ ನಿಂತ ಕೂಡಲೇ ತಾನಾಗಿ ಮರುಸೇರಿಸುವ ಆಟೋಮೇಷನ್ ನಿಯಮವನ್ನು ತೆಗೆಸಿದೆ. ಆ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕು.

ಮುಂದಿನ ಕೆಲಸ ಗುಂಪುಗಳದ್ದು. ಒಂದೇ ಡಿಬಿ2 ಸಬ್‌ಸಿಸ್ಟಮ್ (ಡಿಬಿ2ನ ಒಂದು ಸ್ವತಂತ್ರ ಘಟಕ) ಬಳಸುವ ಅಪ್ಲಿಕೇಶನ್‌ಗಳನ್ನು ಬೇರೆ ಬೇರೆ ಗುಂಪಿಗೆ ಹಾಕುವಂತಿಲ್ಲವಾದ್ದರಿಂದ, ಯಾವ ಡೇಟಾಸೆಟ್ ಯಾವ ವಾಲ್ಯೂಮಿನಲ್ಲಿದೆ ಎಂಬ ಪಟ್ಟಿಯನ್ನು ಸ್ಟೋರೇಜ್ ತಂಡದೊಂದಿಗೆ ಕೂತು ಪರಿಶೀಲಿಸುತ್ತಿದ್ದೇವೆ.