ಒಂದು ಕುಂಡ, ಒಂದು ಕಿಲೋ ‘19 ಆಲ್’: ಮಾನ್‌ಸ್ಟೆರಾ ಡೈರಿ

ಫೆಬ್ರವರಿ ಕೊನೆ

ನಮ್ಮ ಮನೆಯೊಳಗಿನ ಮಾನ್‌ಸ್ಟೆರಾ, ದೊಡ್ಡ ಸೀಳೆಲೆಯ ಅಲಂಕಾರದ ಬಳ್ಳಿ, ಹೊಸ ಎಲೆ ಬಿಚ್ಚಿದೆ. ನರಗಳು ಹಸಿರು, ನರಗಳ ನಡುವೆಲ್ಲ ತಿಳಿ ಹಳದಿ. ಕೆಳಗಿನ ಹಳೆಯ ಎಲೆಗಳು ಮಾತ್ರ ಕಡು ಹಸಿರಾಗಿ, ದಪ್ಪವಾಗಿ ಚೆನ್ನಾಗೇ ಇವೆ. ಮನೆಗೆ ಬಂದವರೆಲ್ಲ ನೋಡಿ ಹೇಳುವ ಮಾತು ಒಂದೇ: “ಗೊಬ್ಬರ ಸಾಲ್ತಿಲ್ಲ, ಹಾಕಿ.” ಯಾವ ಗೊಬ್ಬರ ಅಂದರೆ ಬಾಳೆಹಣ್ಣಿನ ಸಿಪ್ಪೆ, ಅಕ್ಕಿ ತೊಳೆದ ನೀರು, ಟೀ ಚರಟ, ಮೊಟ್ಟೆ ಚಿಪ್ಪು, ಅವರವರ ಅಡುಗೆಮನೆಯಲ್ಲಿ ಉಳಿದದ್ದೆಲ್ಲ.

ನನಗೆ ಅನ್ನಿಸುವುದು ಬೇರೆ. ಸಾರಜನಕ ಗಿಡದೊಳಗೆ ಓಡಾಡುವ ವಸ್ತು. ಅದು ಕಮ್ಮಿಯಾದರೆ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಸಾಗಿಸುತ್ತದೆ, ಹಳದಿಯಾಗುವುದು ಕೆಳಗಿನ ಎಲೆ. ಮೆಗ್ನೀಸಿಯಂ, ಪೊಟ್ಯಾಷ್ ಕೂಡ ಹಾಗೇ. ಕಬ್ಬಿಣ, ಕ್ಯಾಲ್ಸಿಯಂ ಹಾಗಲ್ಲ, ಹೋಗಿ ಕೂತಲ್ಲಿಂದ ಏಳುವುದಿಲ್ಲ. ಅವು ಸಿಗದಿದ್ದರೆ ಏಟು ಬೀಳುವುದು ಹೊಸ ಎಲೆಗೆ. ಇಲ್ಲಿ ಹಳದಿಯಾಗಿರುವುದು ಹೊಸದು, ಅದೂ ನರ ಬಿಟ್ಟು. ಅಂದರೆ ಕಬ್ಬಿಣ.

ಕುಂಡದಲ್ಲಿ ಕಬ್ಬಿಣವೇ ಇಲ್ಲ ಅಂತಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಬೇಸಿಗೆ ಶುರುವಾದರೆ ಕಾವೇರಿ ನೀರು ಕಮ್ಮಿ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಜಾಸ್ತಿ. ಬಚ್ಚಲಿನ ನಲ್ಲಿಯ ಸುತ್ತ ಬಿಳಿ ಪೊರೆ ಕಟ್ಟುವ ಗಡಸು ನೀರು ಅದು. ಅದರಲ್ಲಿರುವ ಬೈಕಾರ್ಬೊನೇಟು ಕುಂಡದೊಳಗಿನ ಪಿಎಚ್ ಅನ್ನು (ಹುಳಿ, ಕ್ಷಾರದ ಅಳತೆ; ಏರಿದಷ್ಟೂ ಕ್ಷಾರ) ನಿಧಾನವಾಗಿ ಏರಿಸುತ್ತದೆ. ಪಿಎಚ್ ಏರಿದರೆ ಕಬ್ಬಿಣ ಬೇರಿಗೆ ಎಟುಕದ ರೂಪಕ್ಕೆ ಹೋಗುತ್ತದೆ. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಅದ್ದಿದೆ: ಈಗಿನ ನಲ್ಲಿ ನೀರು 700ರ ಮೇಲೆ. ಮಳೆಗಾಲದಲ್ಲಿ ಇದೇ ನಲ್ಲಿ 200ರ ಆಸುಪಾಸು ತೋರಿಸುತ್ತಿತ್ತು.

ಮಾರ್ಚ್

ಮೊದಲ ಕೆಲಸ ಗೊಬ್ಬರದ್ದಲ್ಲ. ಸೋಫಾ ಮೂಲೆಯಲ್ಲಿದ್ದ ಕುಂಡವನ್ನು ಪೂರ್ವದ ಕಿಟಕಿಯ ಹತ್ತಿರಕ್ಕೆ ಎಳೆದೆ. ಬೆಳಕಿಲ್ಲದ ಗಿಡ ಉಣ್ಣುವುದಿಲ್ಲ, ಹಾಕಿದ ಗೊಬ್ಬರದ ಉಪ್ಪೆಲ್ಲ ಕುಂಡದಲ್ಲೇ ಉಳಿಯುತ್ತದೆ. ಎಲೆಯಲ್ಲಿ ತೂತು, ಸೀಳು ಬರಲಿ ಅಂತ ಗೊಬ್ಬರ ಸುರಿಯುವವರಿದ್ದಾರೆ. ಅದು ಗಿಡದ ವಯಸ್ಸು ಮತ್ತು ಬೆಳಕಿಗೆ ಬಿಟ್ಟ ವಿಷಯ. ಮೆಕ್ಸಿಕೋದ ದಕ್ಷಿಣದಿಂದ ಪನಾಮಾದವರೆಗಿನ ಕಾಡುಗಳಲ್ಲಿ ಇದು ಮರ ಹತ್ತಿ ಮೇಲೆ ಹೋದ ಹಾಗೇ ಎಲೆ ದೊಡ್ಡದಾಗಿ ಸೀಳುವುದು.

ಆಮೇಲೆ ಗೊಬ್ಬರ: ‘19 ಆಲ್’, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ. 19ರಂತೆ ಇರುವ, ನೀರಿನಲ್ಲಿ ಕರಗುವ ಪುಡಿ. ಹೊಸಕೋಟೆ ಕಡೆ ಹೋಗಿದ್ದಾಗ ರಸ್ತೆ ಬದಿಯ ಗೊಬ್ಬರದ ಅಂಗಡಿಗೆ ನುಗ್ಗಿದೆ.

“ಅಣ್ಣಾ, 19 ಆಲ್ ಇದ್ಯಾ?”

“ಇದೆ ಮೇಡಂ. ಡ್ರಿಪ್‌ಗಾ, ಸ್ಪ್ರೇಗಾ? ಎಷ್ಟು ಎಕರೆ?”

“ಒಂದು ಕುಂಡ.”

ಆತ ನಗಲಿಲ್ಲ, ಪಾಪ. ಒಂದು ಕಿಲೋ ಪೊಟ್ಟಣ ತಂದಿಟ್ಟು, “ನಿಮ್ ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ” ಅಂದ. ನರ್ಸರಿಗಳಲ್ಲಿ ಪುಟ್ಟ ಡಬ್ಬಿಯಲ್ಲಿ ಮಾರುವ ಮನೆಗಿಡದ ಗೊಬ್ಬರಕ್ಕೂ ಇದಕ್ಕೂ ನಮ್ಮಂಥವರಿಗೆ ಇರುವ ದೊಡ್ಡ ವ್ಯತ್ಯಾಸ ಬೆಲೆ.

ಬರೀ ಎಲೆಗಾಗಿ ಬೆಳೆಸುವ ಗಿಡಗಳಿಗೆ ಸಾರಜನಕ, ರಂಜಕ, ಪೊಟ್ಯಾಷ್ 3:1:2ರಲ್ಲಿ ಇರಲಿ ಎನ್ನುವುದು ಫ್ಲೋರಿಡಾ ವಿಶ್ವವಿದ್ಯಾಲಯದವರ ಹಳೆಯ ಶಿಫಾರಸು. ಆ ಲೆಕ್ಕದಲ್ಲಿ 19 ಆಲ್‌ನಲ್ಲಿ ರಂಜಕ ಜಾಸ್ತಿಯಾಯಿತು. ಆದರೂ ಗಡಸು ನೀರಿನ ಕಾಲಕ್ಕೆ ನನಗೆ ಇದೇ ಬೇಕಿತ್ತು. ಪೊಟ್ಟಣ ತಿರುಗಿಸಿ ಓದಿದರೆ ಕಾರಣ ಸಿಗುತ್ತದೆ: 19ರಲ್ಲಿ ಯೂರಿಯಾ ರೂಪದ್ದು 10.5, ಅಮೋನಿಯಾ ರೂಪದ್ದು 4.5, ನೈಟ್ರೇಟು 4 ಮಾತ್ರ. ಯೂರಿಯಾ, ಅಮೋನಿಯಾ ರೂಪದ ಸಾರಜನಕ ಕೊನೆಗೆ ಕುಂಡವನ್ನು ಹುಳಿಯ ಕಡೆಗೆ ಎಳೆಯುತ್ತದೆ, ನೈಟ್ರೇಟು ಅದರ ವಿರುದ್ಧ ದಿಕ್ಕಿಗೆ. ಪಿಎಚ್ ಏರಿಸುವ ನೀರಿಗೆ ಇಳಿಸುವ ಗೊಬ್ಬರ.

ಅರ್ಧ ಗ್ರಾಂ ತೂಗುವ ತಕ್ಕಡಿ ಮನೆಯಲ್ಲಿಲ್ಲ. ಅದಕ್ಕೆ 50 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿಗೆ ಕಲಸಿ ಬಾಟಲಿಯಲ್ಲಿ ಇಟ್ಟುಕೊಂಡಿದ್ದೇನೆ. ಅದರಿಂದ 10 ಎಂಎಲ್ ತೆಗೆದು ಒಂದು ಲೀಟರಿಗೆ ಹಾಕಿದರೆ ಅರ್ಧ ಗ್ರಾಂ, ಅಂದರೆ ಸಾರಜನಕ 95 ಪಿಪಿಎಂ (ಲೀಟರಿಗೆ 95 ಮಿಲಿಗ್ರಾಂ). ಮಕ್ಕಳ ಸಿರಪ್ಪಿನ ಮುಚ್ಚಳ ಸಾಕು ಅಳೆಯಲು. ಪುಡಿ ಕರಗುವಾಗ ಬಾಟಲಿ ಮುಟ್ಟಿ ನೋಡಿ, ಸ್ವಲ್ಪ ತಣ್ಣಗಾಗಿರುತ್ತದೆ. ಯೂರಿಯಾ, ನೈಟ್ರೇಟು ಕರಗುವಾಗ ನೀರಿನ ಶಾಖ ಎಳೆದುಕೊಳ್ಳುತ್ತವೆ. ತಣ್ಣಗಾದ ನೀರಿನಲ್ಲಿ ಉಳಿದದ್ದು ಕರಗುವುದೂ ನಿಧಾನ, ಹಾಗಾಗಿ ಮೊದಲೇ ಉಗುರುಬೆಚ್ಚಗಿನ ನೀರು ತೆಗೆದುಕೊಂಡರೆ ಕೆಲಸ ಬೇಗ ಮುಗಿಯುತ್ತದೆ.

ಮೀಟರ್ ನಂಬಿ ಡೋಸ್ ಲೆಕ್ಕ ಹಾಕುವವರಿಗೆ ಒಂದು ಮಾತು. ಯೂರಿಯಾ ನೀರಿನಲ್ಲಿ ಅಯಾನುಗಳಾಗಿ (ವಿದ್ಯುತ್ ಹಾಯಿಸುವ ಕಣಗಳಾಗಿ) ಒಡೆಯುವುದಿಲ್ಲ, ಆದ್ದರಿಂದ ಟಿಡಿಎಸ್ ಮೀಟರಿಗೆ ಕಾಣಿಸುವುದೇ ಇಲ್ಲ. 19 ಆಲ್‌ನ ಅರ್ಧಕ್ಕಿಂತ ಹೆಚ್ಚು ಸಾರಜನಕಕ್ಕೆ ಅದು ಕುರುಡು. ಕಡಿಮೆ ತೋರಿಸುತ್ತಿದೆ ಅಂತ ಇನ್ನೊಂದು ಮುಚ್ಚಳ ಸುರಿಯಬಾರದು.

ಏಪ್ರಿಲ್

ಕಬ್ಬಿಣಕ್ಕೆ ಸಣ್ಣ ಪೊಟ್ಟಣ ತರಿಸಿದೆ. ಎಲ್ಲ ಕಡೆ ಸಿಗುವುದು ಇಡಿಟಿಎ (ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ರಾಸಾಯನಿಕ) ಜೊತೆ ಕಟ್ಟಿದ ಕಬ್ಬಿಣ. ಅದು ಪಿಎಚ್ ಆರೂವರೆ ದಾಟಿದರೆ ಹಿಡಿತ ಬಿಡುತ್ತದೆ. ಇಡಿಡಿಎಚ್‌ಎ ರೂಪದ್ದು ದುಬಾರಿ, ಆದರೆ ಕ್ಷಾರದಲ್ಲೂ ಬಿಡುವುದಿಲ್ಲ. ಈ ನೀರಿಗೆ ಅದೇ ಆಗಬೇಕು. ಶೇ. 6ರ ಪುಡಿ, ಲೀಟರಿಗೆ 5 ಗ್ರಾಂ ಹಾಕಿದ ಇನ್ನೊಂದು ಬಾಟಲಿ, ಅದರಿಂದ ಅದೇ 10 ಎಂಎಲ್: 3 ಪಿಪಿಎಂ ಕಬ್ಬಿಣ. ನೀರು ಕಡುಕೆಂಪಾಗುತ್ತದೆ. ಕುಂಡದ ಕೆಳಗಿನ ಬಿಳಿ ತಟ್ಟೆಗೆ ಹಿಡಿದ ಕಲೆ ಇನ್ನೂ ಹೋಗಿಲ್ಲ.

ಕುಂಡದ ಅಂಚಿನಲ್ಲಿ ಬಿಳಿ ಹುಡಿ ಕಟ್ಟತೊಡಗಿದೆ. ಬೆಳಿಗ್ಗೆ ಎಲೆಯ ತುದಿಯಲ್ಲಿ ತೊಟ್ಟಿಕ್ಕುವ ಹನಿ ಒಣಗಿದ ಮೇಲೂ ಅಲ್ಲೊಂದು ಬಿಳಿ ಚುಕ್ಕೆ ಉಳಿಯುತ್ತದೆ. ಉಪ್ಪು ಸೇರಿದೆ ಅಂತ ಅರ್ಥ. ಕಾವೇರಿ ನೀರು ಬಂದ ದಿನ ಬಚ್ಚಲಿಗೆ ಒಯ್ದು, ಕುಂಡದ ಗಾತ್ರದ ಮೂರ್ನಾಲ್ಕು ಪಟ್ಟು ನೀರು ನಿಧಾನವಾಗಿ ಹಾಯಿಸಿದೆ.

ಅತ್ತಿಗೆ ಶಿರಸಿಯಿಂದ ಫೋನ್ ಮಾಡಿದ್ದರು. ಬಾಟಲಿಗಳ ಕಥೆ ಕೇಳಿ, “ಒಂದು ಗಿಡಕ್ಕೆ ಎಂತಕ್ಕೆ ಇಷ್ಟು ಲೆಕ್ಕ ಮಾರಾಯ್ತಿ? ನಮ್ಮಲ್ಲಿ ಮೆಣಸಿನ ಬಳ್ಳಿಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ ಬಿಟ್ರೆ ಎಂತದೂ ಇಲ್ಲ” ಅಂದರು. ತೋಟದ ಮಟ್ಟಿಗೆ ಅವರು ಹೇಳುವುದು ಸರಿ. ಅಲ್ಲಿ ಬುಡದಲ್ಲಿ ಸೊಪ್ಪು ಕೊಳೆಸುವ ಜೀವಗಳಿವೆ, ಉಪ್ಪು ತೊಳೆಯುವ ಮಳೆಯಿದೆ. ಇಲ್ಲಿ ಹತ್ತಿಂಚಿನ ಕುಂಡ, ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ), ಮಾರ್ಬಲ್ ನೆಲ.

ಜೂನ್

ಹೊಸ ಎಲೆ ಹಸಿರಾಗೇ ಬಿಚ್ಚಿತು. ಫೆಬ್ರವರಿಯ ಎಲೆ ಸ್ವಲ್ಪ ಚೇತರಿಸಿಕೊಂಡು ಅರೆಹಳದಿಯಲ್ಲೇ ನಿಂತಿದೆ.

ಮಳೆ ಹಿಡಿದಿದೆ. ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಹಿಡಿದ ನೀರು ಮೀಟರಿನಲ್ಲಿ ಇಪ್ಪತ್ತರ ಹತ್ತಿರ. ಹೀಗಾದ ಮೇಲೆ ಇಡೀ ಲೆಕ್ಕ ತಿರುಗಾಮುರುಗಾ. ಗಡಸು ನೀರು ಪಿಎಚ್ ಕೆಡಿಸಿದರೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಪುಕ್ಕಟೆ ತಂದುಕೊಡುತ್ತಿತ್ತು. ಮಳೆ ನೀರಿನಲ್ಲಿ ಎರಡೂ ಇಲ್ಲ, 19 ಆಲ್‌ನಲ್ಲೂ ಇಲ್ಲ. ಜೊತೆಗೆ ಕೊಕೊಪೀಟ್‌ನ ಸ್ವಭಾವ ಬೇರೆ: ತೆಂಗಿನ ಸಿಪ್ಪೆಯಿಂದ ಬಂದ ಪೊಟ್ಯಾಷ್, ಸೋಡಿಯಂ ಅದರ ಮೈಗೆ ಅಂಟಿರುತ್ತವೆ. ಅವನ್ನು ಬಿಟ್ಟುಕೊಟ್ಟು ಸಿಕ್ಕ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುತ್ತದೆ. ಒಳ್ಳೆಯ ತಯಾರಕರು ಮೊದಲೇ ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ನೆನೆಸಿ ಮಾರುತ್ತಾರೆ, ಅಗ್ಗದ ಇಟ್ಟಿಗೆಗಳಿಗೆ ಆ ಭಾಗ್ಯವಿಲ್ಲ.

ಮತ್ತೆ ಅದೇ ಅಂಗಡಿ. ಈ ಸಲ ಕ್ಯಾಲ್ಸಿಯಂ ನೈಟ್ರೇಟು ಮತ್ತು ಮೆಗ್ನೀಸಿಯಂ ಸಲ್ಫೇಟು. ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ಸಾರಜನಕ ಶೇ. 15.5, ಕ್ಯಾಲ್ಸಿಯಂ 18.8. ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ಕ್ಯಾಲ್ಸಿಯಂ 94 ಪಿಪಿಎಂ. ಸಾರಜನಕ ಹೆಚ್ಚುಕಮ್ಮಿ ಪೂರ್ತಿ ನೈಟ್ರೇಟು, ಮಳೆ ನೀರಿಗೆ ಅದು ಒಗ್ಗುತ್ತದೆ. ಎರಡು ಸಲ ಇದು, ಒಂದು ಸಲ 19 ಆಲ್, ಹೀಗೆ ಸುತ್ತು. ಮೂರೂ ಸಲದ್ದು ಕೂಡಿದರೆ ಸಾರಜನಕ 250, ರಂಜಕ 95, ಪೊಟ್ಯಾಷ್ 95. ಪೊಟ್ಯಾಷ್ ಕಮ್ಮಿ ಕಂಡರೂ ಕೊಕೊಪೀಟ್ ತನ್ನ ಪಾಲು ಸೇರಿಸುತ್ತದೆ. 3:1:2ರ ಆಸುಪಾಸು ಬಂದಂತೆಯೇ. ಮೆಗ್ನೀಸಿಯಂ ಸಲ್ಫೇಟು ಲೀಟರಿಗೆ ಚಿಟಿಕೆ, ಅದೂ 19 ಆಲ್ ಹಾಕುವ ದಿನ ಮಾತ್ರ.

ಇವನ್ನೆಲ್ಲ ಒಂದೇ ಬಾಟಲಿಗೆ ಸೇರಿಸಿಬಿಟ್ಟರೆ ಸುಲಭ ಅಲ್ಲವೇ ಅಂತ ನಮ್ಮವರು ಕೇಳಿದರು. ಗಾಜಿನ ಲೋಟದಲ್ಲಿ 19 ಆಲ್ ಮತ್ತು ಕ್ಯಾಲ್ಸಿಯಂ ನೈಟ್ರೇಟಿನ ಬಾಟಲಿಗಳಿಂದ ಒಂದೊಂದು ಚಮಚ ಸುರಿದು ತೋರಿಸಿದೆ. ತಿಳಿಯಾಗಿದ್ದ ನೀರು ಕಣ್ಣೆದುರೇ ನೀರುಮಜ್ಜಿಗೆಯಾಯಿತು. ಸ್ವಲ್ಪ ಹೊತ್ತಿಗೆ ತಳದಲ್ಲಿ ಬಿಳಿ ಗಸಿ. ಕ್ಯಾಲ್ಸಿಯಂ ರಂಜಕವನ್ನು ಹಿಡಿದು ಕೂತುಬಿಟ್ಟಿತು, ಎರಡೂ ಗಿಡಕ್ಕಿಲ್ಲ. ಸಲ್ಫೇಟಿನ ಜೊತೆ ಹಾಕಿದ್ದರೆ ಜಿಪ್ಸಮ್ ಆಗುತ್ತಿತ್ತು.

ಆಗಸ್ಟ್

ಕ್ಯಾಲ್ಸಿಯಂ ನೈಟ್ರೇಟು ಗಾಳಿಯ ತೇವ ಕುಡಿಯುತ್ತದೆ. ಪೊಟ್ಟಣದ ಬಾಯಿಗೆ ರಬ್ಬರ್ ಬ್ಯಾಂಡ್ ಸಾಲದು, ಈ ಮಳೆಗೆ ಪಾಯಸದಂತಾಗುವ ಮೊದಲೇ ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿದೆ.

ನಮ್ಮವರು ಪ್ರೀತಿಯಿಂದ ಒಂದು ಹಿಡಿ ಎರೆಗೊಬ್ಬರ ಉದುರಿಸಿದ್ದರು. ವಾರ ಕಳೆಯುವಷ್ಟರಲ್ಲಿ ಟಿವಿ ಮುಂದೆ ಸಣ್ಣ ಕಪ್ಪು ನುಸಿಗಳು. ಮೇಲಿನ ಪದರ ಕೆರೆದು ತೆಗೆದು ತುಳಸಿಗೆ ಹಾಕಿದೆ. ಎರೆಗೊಬ್ಬರ ಒಳ್ಳೆಯದೇ, ಬಾಲ್ಕನಿಯಿಂದ ಆಚೆಗೆ.

ಅಕ್ಟೋಬರ್

ಈಚಿನ ಎಲೆ ನನ್ನ ಎರಡು ಅಂಗೈ ಜೋಡಿಸಿದ್ದಕ್ಕಿಂತ ಅಗಲ, ನಡುನರದ ಪಕ್ಕ ಮೊದಲ ಸಣ್ಣ ತೂತುಗಳೂ ಬಂದಿವೆ. ಯಶಸ್ಸಿನ ಹೆಚ್ಚಿನ ಪಾಲು ಕಿಟಕಿಗೇ ಸೇರಬೇಕು ಅಂತ ನನ್ನ ಅಂದಾಜು, ಬಾಟಲಿಗಳಿಗೆ ಉಳಿದದ್ದು.

ಡಿಸೆಂಬರ್ ಹೊತ್ತಿಗೆ ಬೆಂಗಳೂರಿನ ರಾತ್ರಿ ಹದಿನೈದು, ಹದಿನಾರು ಡಿಗ್ರಿಗೆ ಇಳಿಯುತ್ತದೆ, ಎಲೆ ಬಿಚ್ಚುವುದು ತಡವಾಗುತ್ತದೆ. ಆಗ ಡೋಸ್ ಅರ್ಧ, ಸುತ್ತಿನ ನಡುವೆ ಬರೀ ನೀರು. ಫೆಬ್ರವರಿಯಲ್ಲಿ ಮೀಟರ್ 400 ದಾಟಿದ ದಿನ ಕ್ಯಾಲ್ಸಿಯಂ ಡಬ್ಬಿ ಒಳಗೆ, ಕೆಂಪು ಬಾಟಲಿ ಹೊರಗೆ. ಅಷ್ಟರೊಳಗೆ ಕುಂಡ ಬದಲಿಸಬೇಕು, ಬೇರು ತಳದ ತೂತಿನಿಂದ ಇಣುಕುತ್ತಿದೆ. ಈ ಸಲ ಹೊಸ ಕೊಕೊಪೀಟ್ ಅನ್ನು ಕ್ಯಾಲ್ಸಿಯಂ ನೈಟ್ರೇಟಿನ ನೀರಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿ, ತೊಳೆದೇ ತುಂಬುವುದು. ಮೇಲಿನ ತುಂಡೊಂದನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಶಿರಸಿಗೆ ಕಳಿಸಬೇಕು. ಹಿತ್ತಲಿನ ಹಲಸಿನ ಮರಕ್ಕೆ ಹಬ್ಬಿಸುತ್ತೇನೆ, ಬಾಟಲಿ ಮಾತ್ರ ಕಳಿಸಬೇಡ ಅಂದಿದ್ದಾರೆ ಅತ್ತಿಗೆ.