ಕೇಸ್ ಶೀಟಿನಲ್ಲಿ ‘ಪಿ.ಆರ್. ಡಿಫರ್ಡ್’

ಸಂಶೋಧನೆಗೆಂದು ಒಟ್ಟು ಮಾಡುತ್ತಿರುವ ಕೇಸ್ ಶೀಟುಗಳಲ್ಲಿ ಈ ವಾರ ಸಿಕ್ಕ ಒಂದು ಸಾಲು ತಲೆಯಿಂದ ಹೋಗುತ್ತಿಲ್ಲ: ‘ಡಿ12 ಪ್ಯಾರಾಪ್ಲೀಜಿಯಾ, ಏಷಿಯಾ ಎ, ಪಿ.ಆರ್. ಡಿಫರ್ಡ್.’ ಅಡಿಕೆ ಮರದಿಂದ ಬಿದ್ದವರದು. ಅಂದರೆ, ಬೆನ್ನಿನ ಹನ್ನೆರಡನೆಯ ಮಟ್ಟದಲ್ಲಿ ಪೆಟ್ಟಾಗಿ ಎರಡೂ ಕಾಲು ಸೋತಿವೆ; ಬೆನ್ನುಹುರಿ ಪೆಟ್ಟಿನ ‘ಏಷಿಯಾ’ ಶ್ರೇಣಿಯಲ್ಲಿ ‘ಎ’, ಎಂದರೆ ಪೂರ್ಣ ನಷ್ಟ; ಗುದದ ಪರೀಕ್ಷೆ (ಪಿ.ಆರ್.) ಮುಂದಕ್ಕೆ.

ಗುದದ ಪರೀಕ್ಷೆಯನ್ನೇ ಮುಂದಕ್ಕೆ ಹಾಕಿದ ಮೇಲೆ ‘ಎ’ ಬಂದದ್ದು ಎಲ್ಲಿಂದ? ಎಸ್4-5 ಜಾಗದಲ್ಲಿ, ಅಂದರೆ ಗುದದ ಸುತ್ತಲಿನ ಚರ್ಮದಲ್ಲಿ, ಹತ್ತಿಯ ಸ್ಪರ್ಶ ತಿಳಿಯಬಾರದು, ಪಿನ್ನಿನ ಚೂಪು ತಿಳಿಯಬಾರದು, ಒಳಗೆ ಬೆರಳಿಟ್ಟು ಒತ್ತಿದ್ದು ತಿಳಿಯಬಾರದು, ಹೇಳಿದಾಗ ಬಿಗಿಹಿಡಿಯಲೂ ಆಗಬಾರದು. ಈ ನಾಲ್ಕನ್ನೂ ನೋಡಿದ ಮೇಲಷ್ಟೇ ‘ಎ’.

ಬರೆದ ಹೌಸ್ ಸರ್ಜನ್ ಸೋಮಾರಿಯಲ್ಲ. ಕಾಲಿನ ಸ್ನಾಯುಗಳನ್ನು ಒಂದೊಂದಾಗಿ ನೋಡಿ ಅಂಕ ಹಾಕಿದ್ದಾನೆ. ಪರದೆಯಿಲ್ಲದ ವಾರ್ಡಿನಲ್ಲಿ, ರೋಗಿಯ ಮನೆಯವರ ಎದುರು, ಅವನಿಗೂ ಸಂಕೋಚವಾಗಿರಬಹುದು. ಓದಿಯೂ ಸಹಿ ಹಾಕಿದ ಹಿರಿಯರ ಮೇಲೆ ಮಾತ್ರ ನನಗೆ ಸಿಟ್ಟಿದೆ. ‘ಎ’ಯವರಲ್ಲಿ ತಾನಾಗಿ ಆಗುವ ಚೇತರಿಕೆ ಕಡಿಮೆ, ‘ಬಿ’ಯವರಲ್ಲಿ, ಅಂದರೆ ಚಲನೆಯಿಲ್ಲದಿದ್ದರೂ ಗುದದ ಬಳಿ ಅರಿವು ಉಳಿದವರಲ್ಲಿ, ಹೆಚ್ಚು. ಔಷಧ ಕೊಟ್ಟ ಗುಂಪಿನಲ್ಲಿ ಇಂಥ ‘ಬಿ’ಗಳು ‘ಎ’ಯ ಹೆಸರಿನಲ್ಲಿ ಸೇರಿಕೊಂಡರೆ, ದೇಹ ತಾನೇ ಗಳಿಸಿದ್ದನ್ನು ಔಷಧದ ಗುಣವೆಂದು ಬರೆಯುತ್ತೇವೆ.

ಅಮೆರಿಕದ ಬೆನ್ನುಹುರಿ ಪೆಟ್ಟಿನ ಸಂಘ ‘ಏಷಿಯಾ’ (ಅಮೆರಿಕನ್ ಸ್ಪೈನಲ್ ಇಂಜುರಿ ಅಸೋಸಿಯೇಷನ್) ಈ ಮಾನದಂಡವನ್ನು ಮೊದಲು ಪ್ರಕಟಿಸಿದ್ದು 1982ರಲ್ಲಿ. ಈಗಿನ ಹಾಳೆಯಲ್ಲಿ ಎಡಬಲ ಎರಡೂ ಕಡೆ 28 ಚರ್ಮಭಾಗಗಳಿಗೆ 0, 1, 2. ಹತ್ತು ಸ್ನಾಯುಗಳಿಗೆ 0ಯಿಂದ 5. ಪಿನ್ ಚುಚ್ಚಿ ‘ಗೊತ್ತಾಗುತ್ತಾ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಮೊದಲು ಕೆನ್ನೆಯ ಮೇಲೆ ಎರಡೂ ತುದಿ ಮುಟ್ಟಿಸಿ ತೋರಿಸಬೇಕು, ಆಮೇಲೆ ಕಣ್ಣು ಮುಚ್ಚಿಸಿ ‘ಚೂಪೋ, ಮೊಂಡೋ?’ ಅನ್ನಬೇಕು. ಮುಟ್ಟಿದ್ದು ತಿಳಿದರೂ ಚೂಪು-ಮೊಂಡು ಬೇರೆಯಾಗದಿದ್ದರೆ 0.

ಪ್ಲಾಸ್ಟರಿನಿಂದಾಗಿ ನೋಡಲಾಗದ ಸ್ನಾಯುವಿಗೆ 0 ಅಲ್ಲ, ‘ಪರೀಕ್ಷಿಸಲಾಗದು’ ಎಂಬ ‘ಎನ್‌ಟಿ’. ಖಾಲಿ ಬಿಟ್ಟರೆ ಡೇಟಾ ಎಂಟ್ರಿಯವರು ಸೊನ್ನೆ ತುಂಬುತ್ತಾರೆ, ನೂರರಲ್ಲಿ ಬರುವ ಸ್ನಾಯುಬಲದ ಮೊತ್ತ ಸುಳ್ಳಾಗುತ್ತದೆ. ಒಂದು ಎನ್‌ಟಿ ಇದ್ದರೂ ಆ ಮೊತ್ತ ಹಾಕುವಂತಿಲ್ಲ. ಹಳೆಯ ಭುಜದ ಪೆಟ್ಟಿನಂಥ ಬೇರೆ ಕಾರಣದಿಂದ ಬಲ ಕಡಿಮೆಯಿದ್ದರೆ, 2019ರ ಪರಿಷ್ಕರಣೆಯಂತೆ ಅಂಕದ ಪಕ್ಕ ನಕ್ಷತ್ರ ಹಾಕಿ ಕಾರಣ ಬರೆಯಬೇಕು.

ಇನ್ನು ಆ ‘ಡಿ12’. ಮುರಿದ ಮೂಳೆಯೋ, ನರದ ಮಟ್ಟವೋ? ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಎಲ್1-ಎಲ್2 ಮೂಳೆಯ ಹತ್ತಿರವೇ ಮುಗಿಯುತ್ತದೆ, ಹಾಗಾಗಿ ಡಿ12 ಮೂಳೆಯ ಮಟ್ಟದಲ್ಲಿ ಇರುವುದು ಕೆಳಗಿನ ಸೊಂಟದ ನರಭಾಗಗಳು. ಎರಡಕ್ಕೂ ಬೇರೆ ಬೇರೆ ಕಾಲಂ ಬೇಕೇ ಬೇಕು. ನಾವು ‘ಡಿ’ ಅನ್ನುವುದನ್ನು ಮಾನದಂಡ ‘ಟಿ’ ಅನ್ನುತ್ತದೆ. ಕಂಪ್ಯೂಟರಿಗೆ ಅವು ಎರಡು ಬೇರೆ ಉತ್ತರ. ದಿನಾಂಕದ್ದೂ ಇದೇ ಗೋಳು: 03/04 ಅಂದರೆ ಏಪ್ರಿಲ್ಲೋ ಮಾರ್ಚೋ? ಬೆನ್ನುಹುರಿ ಪೆಟ್ಟಿಗೆ ದಾಖಲಿಸಬೇಕಾದ ಕನಿಷ್ಠ ಮಾಹಿತಿಯ ಪಟ್ಟಿಯಾದ 2006ರ ಅಂತರರಾಷ್ಟ್ರೀಯ ಕೋರ್ ಡೇಟಾ ಸೆಟ್ ವರ್ಷ, ತಿಂಗಳು, ದಿನ ಎಂಬ ಕ್ರಮ ಹಿಡಿದದ್ದು ಒಳ್ಳೆಯದಾಯಿತು. ಪೆಟ್ಟಾದ ದಿನದ ಜೊತೆ ಪರೀಕ್ಷೆಯ ದಿನವನ್ನೂ ಬರೆಯಬೇಕು. ಪೆಟ್ಟಾದ ಹೊಸತರಲ್ಲಿ ಬೆನ್ನುಹುರಿ ಸ್ತಬ್ಧವಾಗುವ ಸ್ಪೈನಲ್ ಶಾಕ್‌ನಲ್ಲಿ, ನಿದ್ರೆಯ ಔಷಧದ ಮಂಪರಿನಲ್ಲಿ ಮಾಡಿದ ಪರೀಕ್ಷೆಯೂ 72 ಗಂಟೆಯ ನಂತರದ್ದೂ ಒಂದೇ ಅಲ್ಲ.

ಆ ಶೀಟನ್ನು ಸೇರಿಸಿದ್ದು ಹೀಗೆ: ಒಳಗಿನ ಒತ್ತಡ ಎನ್‌ಟಿ, ಬಿಗಿಹಿಡಿಯುವುದು ಎನ್‌ಟಿ, ಶ್ರೇಣಿ ‘ನಿರ್ಧರಿಸಲಾಗದು’. ಬರೆದಿದ್ದ ‘ಎ’ಯನ್ನು ಟಿಪ್ಪಣಿಯ ಕಾಲಂಗೆ ಸರಿಸಿದೆ. ರೋಗಿಯನ್ನು ಈಗ ಕರೆಸಿ ನೋಡಿದರೆ ಅದು ಈಗಿನ ದಿನಾಂಕದಲ್ಲಿ, ಬೇರೆ ಸಾಲಿನಲ್ಲಿ ಹೋಗಬೇಕು.