ಇಷ್ಟು ಚಿಕ್ಕ ಬಾತ್‌ರೂಮಲ್ಲಿ ಮಿಡ್‌ಸೆಂಚುರಿ ಮಾಡರ್ನ್ ಆಗುತ್ತಾ?

ಮನೆ ಇಂಟೀರಿಯರ್ ಮಾತು ಬಂದ್ರೆ ಸಾಕು, ಎಲ್ರೂ ನನ್ನನ್ನ ಕೇಳೋದು ಇದೇ: "ನಮ್ಮ ಬಾತ್‌ರೂಮಲ್ಲಿ ಇಬ್ರು ನಿಲ್ಲೋಕೂ ಜಾಗ ಇಲ್ಲ, ಅದರಲ್ಲಿ ಮಿಡ್‌ಸೆಂಚುರಿ ಮಾಡರ್ನ್ ಮಾಡಿಸಿದ್ರೆ ಚೆನ್ನಾಗಿರುತ್ತಾ?"

ಚೆನ್ನಾಗಿರುತ್ತೆ, ಧೈರ್ಯವಾಗಿ ಮಾಡ್ಸಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಸುಮಾರು 1945ರಿಂದ 1960ರ ದಶಕದ ಕೊನೆವರೆಗೆ ಅಮೆರಿಕದಲ್ಲಿ, ಸ್ಕ್ಯಾಂಡಿನೇವಿಯಾದಲ್ಲಿ ಬೆಳೆದ ಸ್ಟೈಲ್ ಇದು. ಆಗ ಅಮೆರಿಕದಲ್ಲಿ ಕಟ್ಟಿದ ಮನೆಗಳಲ್ಲಿ 5 ಅಡಿಗೆ 8 ಅಡಿ ಬಾತ್‌ರೂಮ್ ಅನ್ನೋದು ತೀರಾ ಮಾಮೂಲಿ. ಹಾಗಾಗಿ ಜಾಗ ಸಾಲಲ್ಲ ಅನ್ನೋ ಚಿಂತೆ ಬಿಡಿ. ಆದ್ರೆ ಬಹಳ ಜನ ಶುರು ಮಾಡೋದು ಗಡಿಯಾರ, ಪೋಸ್ಟರ್, ಸೂರ್ಯನ ಕಿರಣದ ಥರದ ಕನ್ನಡಿ ಇಂಥದ್ದನ್ನೆಲ್ಲ ತಂದು ಗೋಡೆ ತುಂಬಿಸೋದ್ರಿಂದ, ನನಗೆ ಅದು ಬೇಡ ಅನ್ಸುತ್ತೆ. ಮೊದಲು ನೆಲ ಬಿಡಿಸ್ಕೊಳ್ಳಿ. ನೆಲ ಎಷ್ಟು ಕಾಣುತ್ತೋ ರೂಮ್ ಅಷ್ಟು ದೊಡ್ಡದು ಅನ್ಸುತ್ತೆ.

ಅದಕ್ಕೆ ಬೇಸಿನ್ ಕೆಳಗಿನ ಕ್ಯಾಬಿನೆಟ್ ಗೋಡೆಗೆ ತೂಗುಹಾಕಿದ್ದಾಗಿರಲಿ, ಇಲ್ಲಾಂದ್ರೆ ತೆಳ್ಳಗಿನ ಓರೆ ಕಾಲುಗಳ ಮೇಲೆ ನಿಂತಿರಲಿ. ಮುಂಭಾಗ ಸಪಾಟಾಗಿರಬೇಕು, ಕೆತ್ತನೆ ಗಿತ್ತನೆ ಏನೂ ಬೇಡ, ತೇಗ ಅಥವಾ ವಾಲ್‌ನಟ್ ಬಣ್ಣದ ಮರ, ಅದರ ಗೆರೆ ಅಡ್ಡಡ್ಡ ಓಡಬೇಕು. ನಿಜವಾದ ಮರವೇ ಬೇಕು ಅಂತೇನಿಲ್ಲ, ಆ ಕಾಲದಲ್ಲೂ ಲ್ಯಾಮಿನೇಟ್ ಧಾರಾಳವಾಗಿ ಬಳಸ್ತಿದ್ರು. ಪ್ಲೈವುಡ್ ಹಾಕ್ಸೋದಾದ್ರೆ ಕಾರ್ಪೆಂಟರ್ ಪಕ್ಕದಲ್ಲೇ ನಿಂತು ಒಂದು ನೋಡ್ಕೊಳ್ಳಿ, ಪೈಪ್‌ಗೆ ಅಂತ ಹಿಂದೆ ತೂತು ಕೊರೀತಾರಲ್ಲ, ಆ ತೂತಿನ ಒಳ ಅಂಚಿಗೆ ನೀರು ಇಳಿಯದ ಹಾಗೆ ತಡೆಯೋ ಸೀಲರ್ ಬಳಿದಿದ್ದಾರಾ ಅಂತ. ಹೊರಗೆಲ್ಲ ಪಾಲಿಶ್ ಹೊಡೆದು ಇದನ್ನ ಮರೆತುಬಿಡ್ತಾರೆ, ನೀರು ಕುಡಿದು ಮರ ಉಬ್ಬೋಕೆ ಶುರುವಾಗೋದೇ ಅಲ್ಲಿಂದ.

ನಲ್ಲಿ ಬಗ್ಗೆ ನನಗೆ ಸ್ವಲ್ಪ ಜಾಸ್ತಿನೇ ಪ್ರೀತಿ. 1968ರಲ್ಲಿ ಡೆನ್ಮಾರ್ಕಿನ ಆರ್ಕಿಟೆಕ್ಟ್ ಆರ್ನೆ ಯಾಕೋಬ್ಸೆನ್ ವೋಲಾ ಅಂತ ಒಂದು ನಲ್ಲಿ ಡಿಸೈನ್ ಮಾಡಿದ್ರು, ಮಿಕ್ಸರ್ ಪೈಪ್ ಎಲ್ಲ ಗೋಡೆ ಒಳಗೆ, ಹೊರಗೆ ಕಾಣೋದು ಬರೀ ಸಣ್ಣ ಕೊಳವೆ ಮತ್ತೆ ಹಿಡಿ. ಎಷ್ಟು ಚಂದ ಅಂದ್ರೆ ಇವತ್ತಿಗೂ ತಯಾರಾಗ್ತಿದೆ. ಆ ಕಂಪನಿದೇ ಬೇಕಂತಿಲ್ಲ, ಗೋಡೆಯಿಂದ ಬರೋ ಯಾವ ನಲ್ಲಿ ಆದ್ರೂ ಬೇಸಿನ್ ಹಿಂದೆ ನಲ್ಲಿ ಕೂರಿಸೋ ಜಾಗ ಉಳಿಯುತ್ತೆ, ಬೇಸಿನ್ನೇ ಕಿರಿದಾಗಿಸಬಹುದು, ಓಡಾಡೋಕೆ ಆ ಜಾಗ ಸಿಗುತ್ತೆ. ಟೈಲ್ಸ್ ಹಾಕೋಕೆ ಮುಂಚೆನೇ ಪ್ಲಂಬರ್‌ಗೆ ಹೇಳಿ, ಬೇಸಿನ್ ಯಾವುದು ಅಂತನೂ ಆಗಲೇ ಫೈನಲ್ ಮಾಡಿ, ಇಲ್ಲಾಂದ್ರೆ ನೀರು ಬೇಸಿನ್ ಅಂಚಿಗೆ ಬಿದ್ದು ಮೈಮೇಲೆಲ್ಲ ಸಿಡಿಯುತ್ತೆ.

ಬಣ್ಣ ಒಂದೇ ಸಾಕು. ಪುದೀನ ಹಸಿರು, ತಿಳಿ ನೀಲಿ, ಗುಲಾಬಿ, ಯಾವುದಾದ್ರೂ. 1950ರ ದಶಕದಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೆಂಡತಿ ಮೇಮಿಗೆ ಗುಲಾಬಿ ಅಂದ್ರೆ ಪ್ರಾಣ, ಗುಲಾಬಿ ಬಾತ್‌ರೂಮ್ ಅಷ್ಟೊಂದು ಫ್ಯಾಷನ್ ಆಗೋಕೆ ಅವರೂ ಒಂದು ಕಾರಣ. 4 ಇಂಚಿನ ಚೌಕ ಟೈಲ್ಸನ್ನ ಗೆರೆಗೆ ಗೆರೆ ಕೂಡೋ ಹಾಗೆ ಹಾಕ್ಸಿ, ಗ್ರೌಟ್, ಅಂದ್ರೆ ಟೈಲ್ಸ್ ನಡುವಿನ ಸಂದಿಗೆ ತುಂಬೋ ಗಾರೆ, ಟೈಲ್ಸಿನದೇ ಬಣ್ಣಕ್ಕೆ ಹತ್ತಿರ ಇರಲಿ, ಕಪ್ಪು ಗ್ರೌಟ್ ಹಾಕಿದ್ರೆ ಚಿಕ್ಕ ರೂಮಲ್ಲಿ ಬರೀ ಗೆರೆಗಳೇ ಕಣ್ಣಿಗೆ ಹೊಡೆಯುತ್ತೆ. ನೆಲಕ್ಕೆ ಟೆರಾಝೋ, ಅಂದ್ರೆ ಸಿಮೆಂಟಲ್ಲಿ ಕಲ್ಲಿನ ಚೂರು ಕೂಡಿಸಿ ಉಜ್ಜಿ ಮಾಡೋ ನೆಲ, ಸೊಗಸು, ಆದ್ರೆ ತುಂಬಾ ನುಣುಪು ಪಾಲಿಶ್ ಬೇಡ, ಜಾರುತ್ತೆ, ಆಮೇಲೆ ಅದರಲ್ಲಿರೋದು ಅಮೃತಶಿಲೆ ಚೂರಾದ್ರೆ ಆಸಿಡ್ ಆಗ್ಲಿ ವಿನೆಗರ್ ಆಗ್ಲಿ ಸೋಕಿಸಲೇಬೇಡಿ, ಹೊಳಪು ಹೋಗುತ್ತೆ.

ಲೈಟ್‌ಗೆ ಹಾಲುಬಣ್ಣದ ಗಾಜಿನ ಗುಂಡು ಬುರುಡೆಗಳು, ಕನ್ನಡಿಯ ಎರಡೂ ಕಡೆ ಮುಖದ ಎತ್ತರಕ್ಕೆ. ಮೇಲೆ ಒಂದೇ ಲೈಟ್ ಹಾಕಿದ್ರೆ ಕಣ್ಣ ಕೆಳಗೆಲ್ಲ ನೆರಳು. ಬಲ್ಬ್ 2700 ಕೆಲ್ವಿನ್, ಅಂದ್ರೆ ಹಳದಿ ಛಾಯೆಯ ಬೆಳಕಿನದು, ತಗೊಳ್ಳಿ, ಮರದ ಬಣ್ಣ ಅದರಲ್ಲೇ ಎದ್ದು ಕಾಣೋದು.

ಕೊನೇದಾಗಿ, ನಿಮ್ಮ ಮನೇಲಿ ಆಗಲೇ ಆ ಕಾಲದ ಹಳೇ ಬಣ್ಣದ ಟೈಲ್ಸ್ ಇದ್ದು, ಬಿರುಕು ಬಿಟ್ಟಿಲ್ಲ, ಹಿಂದೆ ನೀರು ಸೋರ್ತಿಲ್ಲ ಅಂದ್ರೆ ದಯವಿಟ್ಟು ಒಡೆಸಬೇಡಿ, ಹಳೇ ಗ್ರೌಟ್ ಕೆರೆಸಿ ಹೊಸದು ತುಂಬಿಸಿ, ಕ್ಯಾಬಿನೆಟ್ ಮತ್ತೆ ಲೈಟ್ ಬದಲಾಯಿಸಿದ್ರೆ ಸಾಕು.